ಒಂದೇ ಕಡೆಗೆ ಬರೆದ ಬಾಣ

ನಮ್ಮ ಯಜಮಾನರಿಗೆ ಮುಖ ನೋಡಿ ಮಾತಾಡುವುದು ಬರುತ್ತಿರಲಿಲ್ಲ. ತುಂಬಿದ ತರಗತಿಯ ಮುಂದೆ ನಿಂತು ಗಂಟಲು ಹರಿದುಕೊಂಡು ಭೌತಶಾಸ್ತ್ರ ಹೇಳುವ ಮನುಷ್ಯ, ಮನೆಗೆ ಬಂದು "ಉಪ್ಪು ಕಮ್ಮಿ" ಎನ್ನಬೇಕಾದರೂ ಅದನ್ನು ತಟ್ಟೆಗೆ ಹೇಳುತ್ತಿದ್ದರೇ ಹೊರತು ನನಗಲ್ಲ. ಮದುವೆಯಾದ ಹೊಸದರಲ್ಲಿ ನಾನು ಇದನ್ನು ಜಂಬ ಅಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಸಂಜೆ ಇವರು ಅಂಗೈಯಗಲದ ಒಂದು ಸ್ಪೀಕರನ್ನು ತಂದು ನನ್ನ ಕೈಗಿಟ್ಟರು. ಪೆಟ್ಟಿಗೆಯಿಲ್ಲದ ಬರಿಯ ಸ್ಪೀಕರು. ಮುಂದೆ ಕಪ್ಪು ಕಾಗದದ ಬಟ್ಟಲು, ಹಿಂದೆ ಗುಂಡನೆಯ ಭಾರವಾದ ಕಾಂತ. "ಕಿವಿಗೆ ಹಿಡ್ಕೋ" ಎಂದವರೇ ಅದಕ್ಕೆ ಅಂಟಿದ್ದ ಜೋಡಿ ತಂತಿಯನ್ನು ಬಿಡಿಸುತ್ತಾ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇದೆಂಥ ಹುಚ್ಚು ಮನುಷ್ಯನಿಗೆ ಕೊಟ್ಟರಪ್ಪ ನನ್ನನ್ನು ಎಂದುಕೊಂಡು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಸೊಳ್ಳೆಯಷ್ಟು ಸಣ್ಣ ದನಿ ಬಂತು.

"ಕೇಳಿಸ್ತಾ? ಈ ಮನೆ ನಿನಗೆ ಹಿಡಿಸಿದ್ಯಾ? ಏನಾದ್ರೂ ಬೇಕಿದ್ರೆ ಹೇಳು. ಎದುರಿಗೆ ಕೇಳೋಕೆ ನನ್ನ ಕೈಲಿ ಆಗಲ್ಲ."

ನಾನು ಮುಚ್ಚಿದ ಬಾಗಿಲಿನತ್ತ ತಿರುಗಿ "ಕೇಳಿಸ್ತು ರೀ!" ಎಂದು ಕೂಗಿದೆ.

"ಕೂಗ್ಬೇಡ. ಅದರೊಳಗೇ ಹೇಳು. ಅದು ಮಾತಾಡೋದಷ್ಟೇ ಅಲ್ಲ, ಕೇಳಿಸ್ಕೊಳ್ಳುತ್ತೆ ಕೂಡ."

ಸೆಲ್ಲಿಲ್ಲ, ಕರೆಂಟಿಲ್ಲ, ಬರಿಯ ಎರಡು ಸ್ಪೀಕರು, ನಡುವೆ ತಂತಿ. ಆ ಸಂಜೆ ಬಾಗಿಲು ಹಾಕಿಕೊಂಡು ನಾವಾಡಿದಷ್ಟು ಮಾತನ್ನು ಆಮೇಲೆ ವರ್ಷಗಟ್ಟಲೆ ಎದುರುಬದುರು ಕೂತು ಆಡಲಿಲ್ಲ. ಜಂಬವಲ್ಲ, ಸಂಕೋಚ ಎಂದು ನನಗೆ ಗೊತ್ತಾಗಿದ್ದು ಅವತ್ತು. ಗಂಡನ ಮೇಲೆ ಪ್ರೀತಿ ಹುಟ್ಟಿದ್ದೂ ಅವತ್ತೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶಾಲೆಯ ಮಕ್ಕಳು ಇವರನ್ನು ಸುರುಳಿ ಮೇಷ್ಟ್ರು ಎನ್ನುತ್ತಿದ್ದರು. ಜೇಬಿಗೆ ಕೈ ಹಾಕಿದರೆ ತಾಮ್ರದ ತಂತಿಯ ಸುರುಳಿ ಬರುತ್ತಿತ್ತು, ಒಗೆಯಲು ಹಾಕಿದ ಅಂಗಿಯಲ್ಲೂ ಅದೇ. ಬೆಳಕು, ಶಾಖ, ಸನ್ನೆಕೋಲು ಎಲ್ಲವನ್ನೂ ಶ್ರದ್ಧೆಯಿಂದಲೇ ಹೇಳಿಕೊಡುತ್ತಿದ್ದರಂತೆ. ಆದರೆ ವಿದ್ಯುತ್ಕಾಂತದ ಪಾಠ ಬಂತೆಂದರೆ ಇವರ ನಡಿಗೆಯೇ ಬೇರೆ. ಮೊದಲ ದಿನ ಒಂದು ಮೊಳೆಗೆ ತಂತಿ ಸುತ್ತಿ ಸೆಲ್ಲಿಗೆ ಜೋಡಿಸುವರು. ಮೇಜಿನ ಮೇಲಿನ ಗುಂಡುಪಿನ್ನುಗಳೆಲ್ಲ ಹಾರಿ ಬಂದು ಮೊಳೆಗೆ ಅಂಟಿಕೊಳ್ಳುವವು. ತಂತಿ ಬಿಚ್ಚಿದರೆ ಉದುರಿಬಿಡುವವು. "ನೋಡ್ರಪ್ಪಾ, ಇದು ಕರೆದಾಗ ಬರೋ ಕಾಂತ, ಸಾಕು ಅಂದಾಗ ಹೋಗುತ್ತೆ. ನಮ್ಮನೆಗೆ ಬರೋ ನೆಂಟರ ಹಾಗಲ್ಲ" ಎನ್ನುವರು. ಈ ಮಾತು ನನ್ನ ತಮ್ಮನ ಕಿವಿಗೂ ಬಿದ್ದು ಅವನು ಕೆಲವು ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಎರಡನೆಯ ದಿನ ಗಂಟೆ. ಕರೆಂಟು ಹರಿದೊಡನೆ ಕಾಂತ ಸುತ್ತಿಗೆಯನ್ನು ಎಳೆಯುತ್ತದೆ, ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಆದರೆ ಹಾಗೆ ಬಡಿಯಲು ಹೋದಾಗಲೇ ಕರೆಂಟು ಬರುವ ಜಾಗದಿಂದ ಅದು ದೂರವಾಗಿ, ಕರೆಂಟು ನಿಂತು, ಕಾಂತ ಸತ್ತು, ಸುತ್ತಿಗೆ ಹಿಂದಕ್ಕೆ ಬರುತ್ತದೆ. ಬಂದರೆ ಮತ್ತೆ ಕರೆಂಟು, ಮತ್ತೆ ಎಳೆತ. "ತಾನು ನಿಂತಿರೋ ಹಲಗೇನ ತಾನೇ ಎಳ್ಕೊಳ್ಳೋ ಪೆದ್ದ ಇದು. ಆದ್ರೆ ಆ ಪೆದ್ದುತನ ಇಲ್ಲದಿದ್ರೆ ಗಂಟೆ ಹೊಡೆಯೋದೇ ಇಲ್ಲ." ಮೂರನೆಯ ದಿನ ಮೋಟರು. ಎರಡು ಕಾಂತಗಳ ನಡುವೆ ಸುರುಳಿ, ಕರೆಂಟು ಕೊಟ್ಟರೆ ಗರಗರ ತಿರುಗುತ್ತದೆ. ಆಮೇಲೆ ಸೆಲ್ಲನ್ನು ಬಿಚ್ಚಿಟ್ಟು, ಅದರ ಜಾಗದಲ್ಲಿ ಟಾರ್ಚಿನ ಪುಟ್ಟ ಬಲ್ಬು ಸಿಕ್ಕಿಸಿ, ಸುರುಳಿಯನ್ನು ಕೈಯಿಂದ ಜೋರಾಗಿ ತಿರುಗಿಸುವರು. ಬಲ್ಬು ಮಿಣುಕುವುದು. ಕರೆಂಟು ಕೊಟ್ಟರೆ ಚಲನೆ ಬರುತ್ತದೆ, ಚಲನೆ ಕೊಟ್ಟರೆ ಕರೆಂಟು ಬರುತ್ತದೆ. ಇವರಿಗೆ ಇಡೀ ಶಾಸ್ತ್ರದಲ್ಲಿ ಇಷ್ಟವಾದದ್ದು ಇದೊಂದೇ ಇರಬೇಕು. ಏನೇ ಸಿಕ್ಕಿದರೂ "ತಿರುಗಿಸಿ ನೋಡಿ" ಎನ್ನುವುದು ಇವರ ಬಾಯಿಪಾಠವಾಗಿತ್ತು.

ಕೊನೆಯ ದಿನಕ್ಕೆ ಮಾತ್ರ ಆ ಎರಡು ಸ್ಪೀಕರುಗಳು. ಸ್ಪೀಕರಿನ ಬಟ್ಟಲಿನ ಹಿಂದೆ ಕೂದಲೆಳೆಯಂಥ ತಂತಿಯ ಸುರುಳಿಯಿದೆ, ಅದು ಕಾಂತದ ಸಂದಿಯಲ್ಲಿ ಕೂತಿದೆ. ತಂತಿಯಲ್ಲಿ ಕರೆಂಟು ಏರಿಳಿದರೆ ಸುರುಳಿ ಹಿಂದೆಮುಂದೆ ಅಲುಗುತ್ತದೆ, ಬಟ್ಟಲು ಗಾಳಿಯನ್ನು ತಳ್ಳುತ್ತದೆ, ದನಿ ಹೊರಡುತ್ತದೆ. ಅದನ್ನೇ ತಿರುಗಿಸಿದರೆ? ನಮ್ಮ ದನಿ ಬಟ್ಟಲನ್ನು ಅಲುಗಿಸುತ್ತದೆ, ಸುರುಳಿ ಕಾಂತದಲ್ಲಿ ಆಡುತ್ತದೆ, ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಮಾತಾಡುವ ಬಾಯಿಯೇ ಕಿವಿಯಾಗುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಹೋಗಿ ಅದರಲ್ಲಿ ಮಾತಾಡಿ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದರಂತೆ.

ಇವರಿಗೆ ಸ್ನೇಹಿತರು ಅಂತ ಇದ್ದವರು ಒಬ್ಬರೇ, ಅದೇ ಶಾಲೆಯ ಚಿತ್ರದ ಮೇಷ್ಟ್ರು. ಉಗುರಿನ ಸಂದಿಯಲ್ಲಿ ಸದಾ ಬಣ್ಣ, ಬಾಯಲ್ಲಿ ಸದಾ ಮಾತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೆಣಕಿದರೆ "ನಿಮ್ಮಂಥವರು ಇನ್ನೊಬ್ಬರು ಸಿಗಲಿಲ್ಲ ಅತ್ತಿಗೆ, ಸಿಕ್ಕಿದ್ರೆ ನಾನೂ ಇವರ ಹಾಗೆ ಬಾಯಿ ಮುಚ್ಕೊಂಡಿರ್ತಿದ್ದೆ" ಎಂದು ನನ್ನ ಬಾಯಿಗೇ ಬೀಗ ಹಾಕುತ್ತಿದ್ದರು. ಶಾಲೆ ಬಿಟ್ಟ ಮೇಲೆ ಇಬ್ಬರೂ ಚಿತ್ರದ ಕೋಣೆಯಲ್ಲಿ ಫ್ಲಾಸ್ಕಿನ ಟೀ ಮುಗಿಯುವವರೆಗೆ ಕೂರುವುದು ದಿನದ ರೂಢಿ. ಚಿತ್ರದ ಮೇಷ್ಟ್ರ ಹತ್ತಿರ ಮಾತ್ರ ಇವರಿಗೆ ಮಾತು ಬರುತ್ತಿತ್ತು. ಅವರು ಮಾತಾಡುವಾಗಲೂ ಹಾಳೆಯನ್ನೇ ನೋಡುತ್ತಿದ್ದರಲ್ಲ, ಮುಖ ನೋಡುವ ಫಜೀತಿ ಇರಲಿಲ್ಲ.

ಇವರ ಪಾಠಕ್ಕೆ ಬೇಕಾದ ಗೋಡೆಚಿತ್ರಗಳನ್ನೆಲ್ಲ ಬರೆದುಕೊಟ್ಟವರು ಅವರೇ. ಕಾಂತದ ಸುತ್ತ ಕಬ್ಬಿಣದ ರಜ ಸಾಲುಗಟ್ಟಿದ್ದನ್ನು ಅವರು ಬರೆದರೆ ಕೈಯಿಂದ ಉಜ್ಜಿ ನೋಡಬೇಕು ಅನ್ನಿಸುತ್ತಿತ್ತು. ಸ್ಪೀಕರಿನ ಚಿತ್ರ ಬರೆದದ್ದು ನಮ್ಮ ಊಟದ ಮೇಜಿನ ಮೇಲೆ. "ಬಾಣ ಯಾವ ಕಡೆಗೆ ಹಾಕ್ಲಿ ಮೇಷ್ಟ್ರೇ?" ಎಂದು ಕೇಳಿದರು. ಇವರು "ತಂತಿಯಿಂದ ಸುರುಳಿಗೆ, ಸುರುಳಿಯಿಂದ ಬಟ್ಟಲಿಗೆ, ಅಲ್ಲಿಂದ ಹೊರಕ್ಕೆ" ಎಂದರು. "ಅಷ್ಟೇನಾ?" "ಅಷ್ಟೇ." ಅವರು ಕೆಂಪು ಬಣ್ಣದಲ್ಲಿ ಹೊರಕ್ಕೆ ಹೋಗುವ ಚೆಂದದ ಬಾಣಗಳನ್ನು ಬರೆದರು. ಅವರು ಹೋದ ಮೇಲೆ ಇವರು ನನಗೆ ಗುಟ್ಟಾಗಿ, "ಒಳಕ್ಕೂ ಬಾಣ ಹಾಕಿದ್ರೆ ಕೊನೇ ದಿನದ ಮಜಾನೇ ಹೊರಟುಹೋಗುತ್ತೆ" ಎಂದು ನಕ್ಕರು. ಚಿತ್ರದ ಮೇಷ್ಟ್ರಿಗೆ ತಂತಿಗಳೆಂದರೆ ಅಷ್ಟಕ್ಕಷ್ಟೆ. ಆ ಕೊನೆಯ ದಿನದ ಪಾಠಕ್ಕೆ ಅವರು ಯಾವತ್ತೂ ಬಂದು ಕೂತವರಲ್ಲ.

ಬಂದು ಕೂತವರು ಹೆಡ್ ಮೇಡಂ. ಒಂದು ವರ್ಷ ಆ ಪಾಠ ನೋಡಿ ಖುಷಿಯಾಗಿ, ಪ್ರತಿ ತರಗತಿಗೂ ಒಂದೊಂದು ಸ್ಪೀಕರು ಪೆಟ್ಟಿಗೆ ಹಾಕಿಸೋಣ, ಆಫೀಸಿನಿಂದಲೇ ಎಲ್ಲರಿಗೂ ಹೇಳಬೇಕಾದ್ದು ಹೇಳಬಹುದು ಎಂದರು. ಇವರು ರಜೆಯಿಡೀ ಏಣಿಯ ಮೇಲಿದ್ದರು. ಪ್ರತಿ ಕರಿಹಲಗೆಯ ಮೇಲೂ ಒಂದು ಪೆಟ್ಟಿಗೆ, ಎಲ್ಲದರ ತಂತಿಯೂ ಆಫೀಸಿಗೆ, ಅಲ್ಲಿ ಸಾಲಾಗಿ ಸ್ವಿಚ್ಚುಗಳು. ಮೊದಲ ತಿಂಗಳಲ್ಲೇ ಒಂದು ಕೋಣೆಯ ತಂತಿಯನ್ನು ಇಲಿ ಕಡಿದುಹಾಕಿತು. ಪರೀಕ್ಷೆ ಮುಂದಕ್ಕೆ ಹೋಗಿದೆಯೆಂಬ ಸುದ್ದಿ ಆ ತರಗತಿಗೆ ಮುಟ್ಟಲೇ ಇಲ್ಲ. ಮಕ್ಕಳು ಪೆನ್ನು ಪ್ಯಾಡು ಹಿಡಿದು ಬಂದು ಪೆಚ್ಚಾಗಿ ಕೂತರಂತೆ. ಇವರಿಗೆ ಊಟ ಸೇರಲಿಲ್ಲ.

ಅದಕ್ಕೊಂದು ಉಪಾಯ ಹುಡುಕಿದರು. ಆಫೀಸಿನ ಪೆಟ್ಟಿಗೆಗೆ ಇನ್ನೊಂದು ಸ್ವಿಚ್ಚು ಕೂರಿಸಿದರು. ಅದನ್ನು ಒತ್ತಿದರೆ ಎಲ್ಲ ತಿರುಗಿಕೊಳ್ಳುತ್ತದೆ. ಕೋಣೆಯ ಪೆಟ್ಟಿಗೆ ಕಿವಿಯಾಗುತ್ತದೆ, ಆಫೀಸಿನದು ಬಾಯಿ. ಯಾವುದಾದರೂ ಕೋಣೆಯ ಸದ್ದು ಕೇಳದಿದ್ದರೆ ಅಲ್ಲಿನ ತಂತಿ ಕೆಟ್ಟಿದೆ ಎಂದರ್ಥ. ಕೂತಲ್ಲಿಂದಲೇ ಇಡೀ ಶಾಲೆಯನ್ನು ಪರೀಕ್ಷೆ ಮಾಡಬಹುದು. ಅದನ್ನು ಮೇಡಮ್ಮಿಗೆ ಹೇಳಿಕೊಟ್ಟು ಬಂದ ದಿನ ಇವರ ಕಾಲು ನೆಲದ ಮೇಲಿರಲಿಲ್ಲ.

"ದಿನಾ ಸಂಜೆ ಮಕ್ಕಳೆಲ್ಲ ಹೋದ್ಮೇಲೆ ಒಂದೊಂದೇ ಕೋಣೆ ಕೇಳಿ ನೋಡಿ ಮೇಡಂ ಅಂದಿದೀನಿ. ಮಕ್ಕಳಿದ್ರೆ ಗಲಾಟೆ. ಯಾರೂ ಇಲ್ಲದಿದ್ರೆ ಕೋಣೆ ಉಸಿರಾಡೋ ಸದ್ದು ಕೇಳುತ್ತೆ, ಗೊತ್ತಾ?"

"ಅಲ್ಲಾ ರೀ, ಯಾರಾದ್ರೂ ಮಾತಾಡ್ತಾ ಕೂತಿದ್ರೆ?"

"ಮಕ್ಕಳೆಲ್ಲ ಹೋದ್ಮೇಲೆ ಯಾರೇ ಕೂತಿರ್ತಾರೆ?"

ಮಕ್ಕಳೆಲ್ಲ ಹೋದ ಮೇಲೆ ದಿನವೂ ಕೂತು ಮಾತಾಡುತ್ತಿದ್ದವರು ಇವರೇ. ಅದು ಇವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ತಾನೂ ಮಾತಾಡುವವನು ಎಂಬುದು ಇವರ ಲೆಕ್ಕಕ್ಕೇ ಇರಲಿಲ್ಲವೇನೋ.

ಅದೇ ವರ್ಷ ಚಿತ್ರದ ಮೇಷ್ಟ್ರ ಕಣ್ಣು ಕೆಡತೊಡಗಿತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಕಣ್ಣಿನ ನರ ಒಣಗುತ್ತಿದೆ, ಅಂಚಿನಿಂದ ಒಳಕ್ಕೆ ಕತ್ತಲೆ ಬರುತ್ತದೆ, ತಡೆಯಬಹುದು ಆದರೆ ಹೋದದ್ದು ವಾಪಸ್ಸು ಬರುವುದಿಲ್ಲ ಎಂದಿದ್ದರಂತೆ ಡಾಕ್ಟರು. ಒಂದು ಸಂಜೆ ಟೀ ಕುಡಿಯುತ್ತಾ ಚಿತ್ರದ ಕೋಣೆಯಲ್ಲಿ ಇವರಿಗೆ ಹೇಳಿಕೊಂಡು ಅತ್ತರಂತೆ. "ಎದುರಿಗೆ ಕೂತ ಮಗು ಕಾಣುತ್ತೆ ಮೇಷ್ಟ್ರೇ, ಪಕ್ಕದಲ್ಲಿರೋದು ಕಾಣಲ್ಲ. ಈ ವರ್ಷದ ಮಕ್ಕಳನ್ನ ದಾಟಿಸಿಬಿಡ್ತೀನಿ. ಆಮೇಲೆ ನಾನೇ ಹೋಗಿ ಮೇಡಮ್ಮಿಗೆ ಹೇಳಿ, ನಾನಾಗಿ ಬಿಟ್ಟು ಹೋಗ್ತೀನಿ. ಕಳಿಸಿದ್ರು ಅನ್ನಿಸ್ಕೊಂಡು ಹೋಗೋದು ಬೇಡ. ಯಾರಿಗೂ ಹೇಳ್ಬೇಡಿ. ಅತ್ತಿಗೆಗೂ ಬೇಡ." ಅವರು ಕೇಳಿದ್ದು ಅಷ್ಟೇ, ತನ್ನ ಬಾಯಿಂದ ತಾನೇ ಹೇಳಿ ಹೊರಡುವಷ್ಟು ಅವಕಾಶ.

ಇವರು ಅತ್ತಿಗೆಗೂ ಹೇಳಲಿಲ್ಲ. ಆ ದಿನಗಳಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದರು. ಏನಾಯಿತು ಎಂದು ಪೀಡಿಸಿದೆ, ರೇಗಿದೆ, ಮಾತು ಬಿಟ್ಟೆ. ಮಾತೇ ಆಡದ ಗಂಡನ ಹತ್ತಿರ ಮಾತು ಬಿಟ್ಟರೆ ಯಾರಿಗೆ ನಷ್ಟ? ಇವರು ತುಟಿ ಪಿಟಕ್ಕೆನ್ನಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಬಾಗಿಲಿನ ಗಂಟೆ ಹೊಡೆಯಿತು. ಇವರೇ ಮಾಡಿದ ಗಂಟೆ. ಚಿತ್ರದ ಮೇಷ್ಟ್ರು ಯಾವತ್ತೂ ಅದನ್ನು ಒತ್ತಿದವರಲ್ಲ, "ಅತ್ತಿಗೇ" ಎಂದು ಕೂಗುತ್ತಾ ನೇರ ಅಡುಗೆಮನೆಗೆ ಬರುವವರು. ಬಾಗಿಲು ತೆಗೆದರೆ ಹೊಸಲಾಚೆಯೇ ನಿಂತಿದ್ದರು.

"ಅವರಿದ್ದಾರಾ?" ಎಂದರು. ಅತ್ತಿಗೆ ಎನ್ನಲಿಲ್ಲ.

ಇವರು ಒಳಗಿನಿಂದ ಬಂದರು. ಚಿತ್ರದ ಮೇಷ್ಟ್ರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೇಡಂ ಕರೆಸಿದ್ರು. ನಿಮ್ಮ ಕಣ್ಣಿನ ವಿಷಯ ಗೊತ್ತಾಗಿದೆ, ಮಕ್ಕಳನ್ನ ಕೆರೆ ಹತ್ರ ಚಿತ್ರ ಬರೆಸೋಕೆ ಕರ್ಕೊಂಡು ಹೋಗ್ತೀರಿ, ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ, ನಾಳೆಯಿಂದ ವಿಶ್ರಾಂತಿ ತಗೊಳ್ಳಿ ಅಂದ್ರು. ಯಾರು ಹೇಳಿದ್ದು ಅಂದ್ರೆ, ಅದು ಬಿಡಿ ಅಂತಾರೆ." ಇವರತ್ತ ಮುಖ ಮಾಡಿ ಹೇಳಿದರು, "ನಾನು ಹೇಳಿದ್ದು ಒಬ್ಬರಿಗೇ."

"ನಾನು ಹೇಳಿಲ್ಲ" ಎಂದರು ಇವರು.

"ಹಾಗಾದ್ರೆ ಗೋಡೆ ಹೋಗಿ ಹೇಳ್ತಾ?"

ಇವರ ಮುಖ ಬಿಳಿಚಿಕೊಂಡಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಣ್ಣು ಎತ್ತಲೋ ಹೋಯಿತು, ಇವರಿಗೆ ಆಗ ನೆನಪಾದದ್ದು ಚಿತ್ರದ ಕೋಣೆಯ ಕರಿಹಲಗೆಯ ಮೇಲಿನ ಪೆಟ್ಟಿಗೆ ಎಂದು ಈಗ ಗೊತ್ತು. ಆದರೆ ಹೊಸಲಾಚೆ ನಿಂತವರಿಗೆ ಕಂಡದ್ದು, ಕಂಡಷ್ಟು ಕಂಡದ್ದು, ಸಿಕ್ಕಿಬಿದ್ದವನ ಮುಖ. ಅವರು ತಲೆಯಾಡಿಸಿ, ಗೋಡೆ ಸವರಿಕೊಂಡು ಮೆಟ್ಟಿಲಿಳಿದು ಹೋದರು.

ಮರುದಿನ ಇವರು ಮೇಡಮ್ಮನ್ನು ಕೇಳಿದರು. ಆಕೆ ಕೆಟ್ಟ ಹೆಂಗಸಲ್ಲ. ಕೇಳಿಸಿಕೊಂಡದ್ದಕ್ಕೆ ಆಕೆಗೇ ನಾಚಿಕೆಯಾಗಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. "ಪೆಟ್ಟಿಗೆ ಸರಿಯಿದ್ಯಾ ಅಂತ ನೋಡ್ತಿದ್ದೆ ಸರ್. ಅಳು ಕೇಳಿಸ್ತು. ಕೇಳಿದ್ಮೇಲೆ ಸುಮ್ಮನಿರೋದು ಹೇಗೆ? ದಿನಾ ಸಂಜೆ ಕೇಳಿ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

"ಹೌದು ಮೇಡಂ, ನಾನೇ" ಎಂದವರು ಸ್ಕ್ರೂಡ್ರೈವರು ತಂದು ಆ ಸ್ವಿಚ್ಚನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಬಂದರು. ಮನೆಗೆ ಬಂದು ಎಲ್ಲವನ್ನೂ ನನಗೆ ಹೇಳಿದರು. ನನ್ನ ಮುಖ ನೋಡಿಯೇ ಹೇಳಿದರು. ಅಷ್ಟು ವರ್ಷ ಹಾಗೆ ನೋಡಲಿ ಎಂದು ಆಸೆಪಟ್ಟವಳು ನಾನು, ಅವತ್ತು ನೋಡಲಾರದೆ ತಲೆ ತಗ್ಗಿಸಿದೆ.

ಇಬ್ಬರೂ ಚಿತ್ರದ ಮೇಷ್ಟ್ರ ಬಾಡಿಗೆ ಕೋಣೆಗೆ ಹೋದೆವು. ಅವರು ಕುಂಚಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಇವರು ನಿಂತೇ ಹೇಳಿದರು. ಪೆಟ್ಟಿಗೆ ಕೇಳಿಸಿಕೊಂಡಿತು, ಅದಕ್ಕೆ ಕಿವಿ ಕೊಟ್ಟವನು ನಾನು, ತಪ್ಪು ನನ್ನದೇ, ಆದರೆ ನನ್ನ ಬಾಯಿಂದ ಒಂದು ಮಾತೂ ಹೋಗಲಿಲ್ಲ ಎಂದು.

ಚಿತ್ರದ ಮೇಷ್ಟ್ರು ಪೂರ್ತಿ ಕೇಳಿದರು. "ಆ ಪೆಟ್ಟಿಗೆ ಒಳಗಿರೋದನ್ನ ಬರೆದವನು ನಾನು. ಬಾಣ ಹೊರಗಡೆ ಹೋಗುತ್ತೆ. ಅಷ್ಟೇನಾ ಅಂದೆ. ಅಷ್ಟೇ ಅಂದವರು ನೀವು."

"ಹೌದು, ಆದ್ರೆ ಅದನ್ನೇ ತಿರುಗಿಸಿದ್ರೆ..."

"ಮಾತು ತಿರುಗಿಸ್ಬೇಡಿ ಮೇಷ್ಟ್ರೇ."

"ಬನ್ನಿ, ಮಾಡಿ ತೋರಿಸ್ತೀನಿ."

"ತೋರಿಸಿದ್ರೆ ನೋಡೋಕೆ ಕಣ್ಣೆಲ್ಲಿದೆ ನನಗೆ?" ಕುಂಚಗಳ ಗಂಟು ಬಿಗಿದರು. "ಬಾಯಿ ತಪ್ಪಿ ಹೇಳಿಬಿಟ್ಟೆ ಅಂದಿದ್ರೆ ನಾಲ್ಕು ದಿನ ಸಿಟ್ಟು ಮಾಡ್ಕೊಂಡು ಮರೀತಿದ್ದೆ. ಹೇಳಿದ್ದೂ ಅಲ್ಲದೆ ಪಾಠ ಬೇರೆ ಮಾಡ್ತೀರಲ್ಲ."

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಈ ಮನುಷ್ಯನಿಗೆ ನೆಟ್ಟಗೆ ನಿಜ ಹೇಳೋಕೇ ಬರಲ್ಲ, ಸುಳ್ಳೆಲ್ಲಿಂದ ಹೇಳ್ತಾರೆ?" ಎಂದು ದನಿಯೇರಿಸಿದೆ. ಇವರು ನನ್ನ ಸೆರಗು ಹಿಡಿದೆಳೆದು "ಬಾ" ಎಂದರು. ಬಂದುಬಿಟ್ಟೆವು.

ಅವರು ಊರು ಬಿಟ್ಟು ದೂರದಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಇವರು ಒಮ್ಮೆ ಚೀಲದಲ್ಲಿ ಎರಡೂ ಸ್ಪೀಕರು ಇಟ್ಟುಕೊಂಡು ಅಲ್ಲಿಗೂ ಹೋಗಿ ಬಂದರು. ತಂಗಿಯ ಗಂಡ ಗೇಟಿನಲ್ಲೇ ನಿಂತು, ಭಾವ ಮಲಗಿದ್ದಾರೆ ಎಂದರಂತೆ. ಕಿಟಕಿಯೊಳಗಿಂದ ಅವರ ಕೆಮ್ಮು ಕೇಳಿಸುತ್ತಿತ್ತಂತೆ. ಆ ಕೆಮ್ಮನ್ನು ಕೇಳುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಬಂದೆ ಎಂದರು. ಚೀಲವನ್ನು ಅಟ್ಟದ ಮೇಲಿಟ್ಟರು.

ಅಲ್ಲಿಂದ ಮುಂದೆ ಇವರ ಪಾಠ ಮೋಟರಿಗೇ ನಿಲ್ಲುತ್ತಿತ್ತು. ಮಿಕ್ಕದ್ದನ್ನು ಪುಸ್ತಕದಲ್ಲಿ ಓದಿಕೊಳ್ಳಿ ಎನ್ನುತ್ತಿದ್ದರಂತೆ. ಸ್ಪೀಕರಿನ ಆ ಗೋಡೆಚಿತ್ರವನ್ನು ಮನೆಗೆ ತಂದರು. ಒಂದು ಭಾನುವಾರ ನೋಡುತ್ತೇನೆ, ಕೆಂಪು ಪೆನ್ಸಿಲ್ ಹಿಡಿದು ಅದರ ಮೇಲೆ ಒಳಕ್ಕೆ ಹೋಗುವ ಬಾಣ ಬರೆಯುತ್ತಿದ್ದಾರೆ. ಚಿತ್ರದ ಮೇಷ್ಟ್ರ ಬಾಣಗಳ ಪಕ್ಕದಲ್ಲಿ ಇವರದು ಸೊಟ್ಟಗೆ ಹೋಗಿತ್ತು. ಬರೆದು, ಅದನ್ನು ನೋಡುತ್ತಾ ಕೂತರು. ಯಾರಿಗೆ ತೋರಿಸುತ್ತೀರಿ ಅದನ್ನು ಎಂದು ಕೇಳಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟು ಹೊತ್ತಿಗೆ ಚಿತ್ರದ ಮೇಷ್ಟ್ರಿಗೆ ಕಣ್ಣು ಪೂರಾ ಹೋಗಿದೆ ಎಂದು ಸುದ್ದಿ ಬಂದಿತ್ತು.

ಇವರು ಬೈದದ್ದಿಲ್ಲ, ಅತ್ತದ್ದಿಲ್ಲ, ಕೊರಗು ಒಳಗೇ ಹುಳುವಿನ ಹಾಗೆ ಕೊರೆಯಿತು. ಕೆಲಸದಿಂದ ನಿವೃತ್ತರಾದ ಮೇಲೆ ಸುರುಳಿ ಸುತ್ತುವುದೂ ನಿಂತಿತು. ಒಮ್ಮೆ ನಾನು ಬಟ್ಟೆ ಮಡಿಸುತ್ತಿದ್ದಾಗ, ಮಡಿಸಿದ ಬಟ್ಟೆಗಳಿಗೆ ಹೇಳುವವರ ಹಾಗೆ ಹೇಳಿದರು, "ಅವರು ನನ್ನ ಕ್ಷಮಿಸೋದು ಬೇಡವಾಗಿತ್ತು ಕಣೇ. ಅದು ನನ್ನದೇ ತಪ್ಪು. ನಾನು ಹೇಳ್ಲಿಲ್ಲ ಅಂತ ನಂಬಿದ್ರೆ ಸಾಕಾಗಿತ್ತು." ಒಂದು ಬೆಳಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದರು. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರ್ಷ ತುಂಬಿದ ಮೇಲೆ ನಾನು ಅಟ್ಟ ಹತ್ತಿ ಆ ಚೀಲ ಇಳಿಸಿದೆ. ತಂತಿ ಧೂಳು ಹಿಡಿದಿತ್ತು, ಸ್ಪೀಕರುಗಳು ಸರಿಯಾಗಿದ್ದವು. ಬಸ್ಸು ಹತ್ತಿದೆ.

ಬಾಗಿಲು ತೆರೆದ ಚಿತ್ರದ ಮೇಷ್ಟ್ರ ತಂಗಿ ನನ್ನನ್ನು ಯಾವತ್ತೂ ನೋಡಿದವಳಲ್ಲ. ಅಣ್ಣನ ಹಳೇ ಶಾಲೆಯ ಕಡೆಯವಳು ಎಂದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಚಿತ್ರದ ಮೇಷ್ಟ್ರು ಕೂತಿದ್ದರು. ಸೊರಗಿಹೋಗಿದ್ದರು. ಉಗುರುಗಳು ಮಾತ್ರ ಈಗ ಸ್ವಚ್ಛವಾಗಿದ್ದವು.

"ಚೆನ್ನಾಗಿದ್ದೀರಾ ಮೇಷ್ಟ್ರೇ?"

ಅವರು ತಲೆ ಎತ್ತಿದರು. "ಅತ್ತಿಗೆ" ಎಂದರು. ಅದು ತಾನಾಗಿ ಬಾಯಿಂದ ಬಿದ್ದ ಮಾತು. ಬಿದ್ದ ಮೇಲೆ ತುಟಿ ಬಿಗಿದುಕೊಂಡರು. ಇವರ ವಿಷಯ ಕೇಳಲಿಲ್ಲ. ಹಟಮಾರಿ ಮನುಷ್ಯ.

ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ನಿಶ್ಚಯ ಮಾಡಿಕೊಂಡಿದ್ದೆ. ಇವರು ಹೋಗಿಬಿಟ್ಟರು ಎಂದು ಮೊದಲೇ ಹೇಳಿದರೆ ಅವರು ಕರಗಿಬಿಡುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ, ಹಳೆಯದೆಲ್ಲ ಬಿಡಿ ಎನ್ನುತ್ತಾರೆ. ಸತ್ತವರನ್ನು ಕ್ಷಮಿಸುವುದು ಸುಲಭ. ನನಗೆ ಆ ಕ್ಷಮೆ ಬೇಡವಾಗಿತ್ತು. ಇವರು ಬದುಕಿದ್ದಾರೆ ಎಂದುಕೊಂಡೇ ಅವರು ನಂಬಬೇಕಾಗಿತ್ತು.

"ಇದನ್ನ ಹಿಡ್ಕೊಳ್ಳಿ. ಮುಟ್ಟಿ ನೋಡಿ" ಎಂದು ಸ್ಪೀಕರನ್ನು ಅವರ ಕೈಗಿಟ್ಟೆ.

ಅವರ ಬೆರಳು ಬಟ್ಟಲಿನ ಅಂಚಿನ ಮೇಲೆ ಸುತ್ತಿತು, ಹಿಂದಿನ ಕಾಂತವನ್ನು ತೂಗಿ ನೋಡಿತು. "ಇದನ್ನ ಬರೆದಿದ್ದೆ" ಎಂದರು ಮೆಲ್ಲಗೆ.

"ಇದರಲ್ಲಿ ಸೆಲ್ಲಿಲ್ಲ, ಕರೆಂಟಿಲ್ಲ. ಕಿವಿಗೆ ಹಿಡ್ಕೊಂಡಿರಿ. ಆಮೇಲೆ ಹೇಳೋದಿದ್ರೆ ಅದರೊಳಗೇ ಹೇಳಿ."

ತಂಗಿ ಗಲಿಬಿಲಿಯಿಂದ ನೋಡುತ್ತಿದ್ದಳು. ತಂತಿ ಬಿಡಿಸುತ್ತಾ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಂಚದ ಮೇಲೆ ಕೂತು ಇನ್ನೊಂದು ಸ್ಪೀಕರನ್ನು ಬಾಯಿಯ ಹತ್ತಿರ ಹಿಡಿದೆ. ದಾರಿಯುದ್ದಕ್ಕೂ ಏನೇನೋ ಕಟ್ಟಿಕೊಂಡು ಬಂದಿದ್ದೆ, ಸುರುಳಿ, ಕಾಂತ, ಸ್ವಿಚ್ಚು ಎಂದು. ಯಾವುದೂ ನೆನಪಾಗಲಿಲ್ಲ.

"ಮೇಷ್ಟ್ರೇ, ಇವರು ಯಾರಿಗೂ ಹೇಳಿರಲಿಲ್ಲ. ನಾನು ಪೀಡಿಸಿ, ಮಾತು ಬಿಟ್ರೂ ನನಗೆ ಹೇಳಿರಲಿಲ್ಲ. ನೀವು ಬರೆದ ಪೆಟ್ಟಿಗೆ ಕೇಳಿಸ್ಕೊಳ್ಳುತ್ತೆ. ಈಗ ನನ್ನ ಮಾತು ಕೇಳಿಸ್ಕೊಂಡು ನಿಮಗೆ ಕೊಡ್ತಿದೆಯಲ್ಲ, ಹೀಗೇ."

ಕಿವಿಗೆ ಹಿಡಿದೆ. ಏನೂ ಬರಲಿಲ್ಲ. ತಂತಿ ಎಲ್ಲೋ ತುಂಡಾಗಿದೆ ಎಂದುಕೊಂಡೆ. ಆಮೇಲೆ ಸೊಳ್ಳೆಯಷ್ಟು ಸಣ್ಣ ದನಿ ಬಂತು.

"ಕೇಳಿಸ್ತು ಅತ್ತಿಗೆ."

ನಾನು ಸ್ಪೀಕರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ನಿಮ್ಮ ಕೈಲಿರೋದೂ ಇಂಥದ್ದೇನಾ?"

"ಇಂಥದ್ದೇ. ಎರಡೂ ಮಾತಾಡುತ್ತೆ, ಎರಡೂ ಕೇಳುತ್ತೆ."

"ಬಾಣ ಎರಡು ಕಡೆಗೂ ಹಾಕ್ಬೇಕಿತ್ತು" ಎಂದರು. "ಮನೆ ಬಾಗಿಲಿಗೆ ಬಂದು ಹೇಳಿದ್ರಲ್ಲ ಅವರು. ನಾನು ನಂಬಲಿಲ್ಲ."

ಇಷ್ಟಕ್ಕೇ ನಾನು ಬಂದದ್ದು. ಅಳು ಉಕ್ಕಿ ಬಂತು, ಬಟ್ಟಲನ್ನು ಅಂಗೈಯಿಂದ ಮುಚ್ಚಿ ಅತ್ತೆ. ಕೈ ತೆಗೆದು ಮತ್ತೆ ಕಿವಿಗೆ ಹಿಡಿದಾಗ ಅವರು ಮಾತಾಡುತ್ತಲೇ ಇದ್ದರು, ದನಿಯಲ್ಲಿ ಹಳೆಯ ಸಲಿಗೆ ಬಂದಿತ್ತು.

"...ಗೊತ್ತು ಬಿಡಿ, ಈ ತಂತಿ ಕೆಲಸ ನಿಮ್ಮದಲ್ಲ. ಅವರೂ ಬಂದಿದ್ದಾರೆ. ಅಲ್ಲೇ ನಿಮ್ಮ ಪಕ್ಕ ನಿಂತಿದ್ದಾರೆ, ಮುಖ ನೋಡಿ ಮಾತಾಡೋಕೆ ಬರಲ್ಲ ಆ ಮನುಷ್ಯನಿಗೆ. ನನಗೂ ಈಗ ಮುಖ ಕಾಣಲ್ಲ, ಸಂಕೋಚ ಬೇಡ ಅನ್ನಿ. ಅವರ ಕೈಗೆ ಕೊಡಿ ಅತ್ತಿಗೆ, ನಾನು ಮಾತಾಡ್ತೀನಿ."

ಆ ಕೋಣೆಯಲ್ಲಿ ಒಂದು ಮಂಚ, ಒಂದು ಕನ್ನಡಿ, ನಾನು. ನನ್ನ ಪಕ್ಕದ ಖಾಲಿ ಜಾಗವನ್ನು ನಿಜವಾಗಿಯೂ ತಿರುಗಿ ನೋಡಿದೆ.

"ಇವರಿಲ್ಲ ಮೇಷ್ಟ್ರೇ" ಎಂದೆ. "ಹೋದ ವರ್ಷ ತೀರಿಕೊಂಡ್ರು."

ಹೊರಗೆ ತಂಗಿ "ಏನಾಯ್ತಣ್ಣ" ಎಂದದ್ದು, ಅವರು ಅವಳನ್ನು ಅಡುಗೆಮನೆಗೆ ಕಳಿಸಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಆಮೇಲೆ ಮತ್ತೆ ಕಿವಿಯಲ್ಲಿ ಅವರ ದನಿ.

"ಅತ್ತಿಗೆ, ಅದನ್ನ ಅಲ್ಲೇ ಇಟ್ಟು ನೀವು ಸ್ವಲ್ಪ ಆಚೆ ಹೋಗ್ತೀರಾ?"

ಸ್ಪೀಕರನ್ನು ಮಂಚದ ಮೇಲೆ, ದಿಂಬಿಗೆ ಒರಗಿಸಿ, ಬಟ್ಟಲು ಮೇಲಾಗಿ ಇಟ್ಟೆ. ನಾನು ಎದ್ದಾಗಲೇ ಅದು ಸಣ್ಣಗೆ ಮಾತಾಡತೊಡಗಿತ್ತು, "ಮೇಷ್ಟ್ರೇ" ಎಂದು. ಆ ಕೋಣೆಯ ಹಿತ್ತಲ ಬಾಗಿಲು ತೆಗೆದು ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಅದು ಇವರಿಗೆ ಹೇಳಿದ ಮಾತು, ನಾನು ಕೇಳಿಸಿಕೊಳ್ಳಲಿಲ್ಲ.